ಟೈಮಿಂಗ್ ಚೈನಿಗೆ ಕೀಲೆಣ್ಣೆ

ಸಭೆಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಶಿಗ್ಗಾಂವಿ ತಾಲೂಕಿನ ಗ್ಯಾರೇಜು ಬಂಧುಗಳೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದ ಸಭಿಕರೇ,

ಇಂದು ಸನ್ಮಾನಗೊಂಡ ಬಂಕಾಪುರದ ಮುಸ್ತಾಕ ಮಿಸ್ತ್ರಿಯ ಬಗ್ಗೆ ಮಾತಾಡಲು ನನ್ನನ್ನೇ ಯಾಕೆ ಕರೆದರು? ಹಿರೇಬೆಂಡಿಗೇರಿಯ ಈ ಚನ್ನವೀರಪ್ಪನಷ್ಟು ಇಂಜಿನ್ ಬಲ್ಲವರು ಸುತ್ತ ಎಲ್ಲೂ ಇಲ್ಲ, ಅದಕ್ಕೆ. ಕಲಿತದ್ದು ಏಳನೇ ಇಯತ್ತೆ, ಬಿಚ್ಚಿದ್ದು ಹದಿನಾಲ್ಕು ಪಂಪ್‌ಸೆಟ್ಟು. ತಿರುಗಿ ಜೋಡಿಸಿದ್ದೆಷ್ಟು ಎಂದು ಯಾರೂ ಕೇಳಬಾರದು.

ನಮ್ಮಪ್ಪನ ಅರವತ್ನಾಲ್ಕನೇ ಇಸವಿಯ ಫಿಯಾಟ್ ಕಾರಿನ ಇಂಜಿನ್ನನ್ನು ಮುಸ್ತಾಕ ನಮ್ಮ ಅಂಗಳದಲ್ಲೇ ಎರಡು ತಿಂಗಳು ಕುಳಿತು ಹೊಸದಾಗಿ ಕಟ್ಟಿದ. ಕೊನೆಯ ದಿನ ಟೈಮಿಂಗ್ ಚೈನ್ ಕೂಡಿಸಿ, ಆಯಿಲ್ ತರಲು ಸವಣೂರಿಗೆ ಹೋದ. ಇಂಜಿನ್ನಿನ ಹಲ್ಲುಗಾಲಿಗಳೆರಡನ್ನೂ ತಾಳ ತಪ್ಪದಂತೆ ತಿರುಗಿಸುವ ಸರಪಳಿ ಅದು. ನೋಡಿದರೆ ಒಣಗಿದೆ. ನಾನು ಸುಮ್ಮನೆ ಕೂರುವವನೇ? ಚಕ್ಕಡಿ ಗಾಲಿಗೆ ಹಚ್ಚುವ ಕೀಲೆಣ್ಣೆ, ಹುಲ್ಲು ಸುಟ್ಟ ಬೂದಿಯನ್ನು ಎಣ್ಣೆಯಲ್ಲಿ ನಾನೇ ಕಲಸಿದ್ದು, ಅಂಗೈ ತುಂಬ ಮೆತ್ತಿ ಮುಚ್ಚಳ ಬಿಗಿದೆ.

ಮುಸ್ತಾಕ ಬರುವಷ್ಟರಲ್ಲಿ ಕಾರು ಚಾಲೂ ಆಗುವುದನ್ನು ನೋಡಲು ಅರ್ಧ ಊರು ನೆರೆದಿತ್ತು, ಕಾಯಿ ಒಡೆದಾಗಿತ್ತು. ಅವನು ಮುಚ್ಚಳದ ಅಂಚಿನ ಕಪ್ಪನ್ನು ಬೆರಳಿಗೆ ಹಚ್ಚಿ ಮೂಸಿದ. ನನ್ನನ್ನು ನೋಡಿದ. ಮಂದಿಗೆ ಹೇಳಿದ:

"ಬ್ಯಾಟರಿ ಇಳದೈತ್ರಿ. ಇವತ್ತ ಚಾಲೂ ಆಗಂಗಿಲ್ಲ."

"ಎರಡ ತಿಂಗಳ ಚಾ ಕುಡದದ್ದಷ್ಟ ಬಂತೇನಲೇ," ಎಂದರು ಯಾರೋ. ಎಲ್ಲರೂ ನಕ್ಕರು. ಮೊದಲು ನಕ್ಕವನು ನಾನು.

ಮಂದಿ ಹೋದ ಮೇಲೆ ಅವನು, "ಕಾಕಾ, ಇದು ಚಕ್ಕಡಿ ಅಲ್ರಿ. ಚೈನಿಗೆ ಎಣ್ಣಿ ಬರೂ ತೂತ ಮುಚ್ಚೀರಿ. ಚಾಲೂ ಮಾಡಿದ್ರ ಇಂಜಿನ್ ಹೋಗ್ತಿತ್ತು," ಎಂದ.

"ಯಾರ ಮುಂದನೂ ಹೇಳಬ್ಯಾಡಪಾ."

"ಹೇಳಂಗಿಲ್ಲ. ಸೀಮೆಎಣ್ಣಿ ತರ್ರಿ."

ಚೈನ್ ಬಿಚ್ಚಿ ತೊಳೆದ. ತಂತಿ ಹಾಕಿ ತೂತು ಬಿಡಿಸಿದ. ಚೈನನ್ನು ಹೊಸ ಆಯಿಲಿನ ತಾಟಿನಲ್ಲಿ ಮುಳುಗಿಸಿಟ್ಟು, ಒಂದೊಂದು ಕೊಂಡಿಗೂ ಎಣ್ಣೆ ಇಳಿದ ಮೇಲೆ ಕೂಡಿಸಿದ. ಇಂಜಿನ್ ಹಗುರಾಗಿ ತಿರುಗಲೆಂದು ಪ್ಲಗ್ಗು ಬಿಚ್ಚಿ, ಆಯಿಲ್ ಮೇಲೇರಿದ್ದು ಕಾಣುವ ತನಕ ಕೈಯಿಂದಲೇ ಇಂಜಿನ್ ತಿರುಗಿಸಿದ. ಎಂಥ ಕೈ, ಎಂಥ ತಾಳ್ಮೆ! ಮರುದಿನ ಕಾರು ಚಾಲೂ ಆಯಿತು. ನೋಡಿದ್ದು ನಾವಿಬ್ಬರೇ.

ಎರಡು ತಿಂಗಳಾದರೂ ಇಂಜಿನ್ ಚಾಲೂ ಮಾಡಲಾರದವ ಎಂಬ ಮಾತು ಹಬ್ಬಿ, ಆ ವರ್ಷ ನಮ್ಮೂರಿನ ಒಂದು ಟ್ರ್ಯಾಕ್ಟರೂ ಅವನ ಗ್ಯಾರೇಜಿಗೆ ಹೋಗಲಿಲ್ಲ. ಅವನು ಬಾಯಿ ಬಿಟ್ಟನೇ? ಬಿಡಲಿಲ್ಲ. ನಾನು ಬಿಟ್ಟೆನೇ? ಈಗ ಬಿಡುತ್ತಿದ್ದೇನೆ, ಮೈಕಿನಲ್ಲಿ. ಬ್ಯಾಟರಿ ತುಂಬಿತ್ತು. ತಪ್ಪು ನನ್ನದು. ಕೀಲೆಣ್ಣೆ ಮಾತ್ರ ಒಳ್ಳೆಯದಿತ್ತು, ಅದರಲ್ಲಿ ಎರಡು ಮಾತಿಲ್ಲ.

ಕಾರು ಹೊರಗೆ ನಿಂತಿದೆ. ಮುಸ್ತಾಕ, ಚಾವಿ ತಗೋ. ಅಂದು ಮಂದಿಯ ಮುಂದೆ ಆಗದ್ದನ್ನು ಇಂದು ಇಷ್ಟು ಮಂದಿಯ ಮುಂದೆ ನೀನೇ ಮಾಡು. ಸಭಿಕರೇ, ಮುಚ್ಚಳಕ್ಕೆ ಕಿವಿಯಿಟ್ಟು ಕೇಳಿರಿ. ಚೈನು ಕಟಕಟ ಅಂದರೆ ನನ್ನ ಮೀಸೆ ತೆಗೆಸುತ್ತೇನೆ. ಇಷ್ಟು ಹೊತ್ತು ಸಹಿಸಿಕೊಂಡದ್ದು ನಿಮ್ಮ ಉಪಕಾರ, ಮುಸ್ತಾಕನಿಗೆ ಎರಡೂ ಕೈ ಎತ್ತಿ ನಮಸ್ಕಾರ.