‘ನಿಲ್ಲು’ ಅಂದ ಮೇಲೆ ಬಿದ್ದ ಒದೆ

ಉಪ್ಪಲ್ ಕಡೆಗೆ ಹೊರಟ ಸಿಟಿ ಬಸ್ಸು ಸಿಗ್ನಲ್ಲಿನಲ್ಲಿ ನಿಂತೇ ಇತ್ತು. ಆಫೀಸಿಗೆ ತಡವಾಯಿತೆಂದು ಮಧುರಾ ಚಡಪಡಿಸುತ್ತಿದ್ದಾಗ ಸುತ್ತಲಿನ ತೆಲುಗು ಮಾತುಗಳ ನಡುವೆ ಮುಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಅಲ್ಲಿ ಬಿಳಿ ಕರಾಟೆ ಬಟ್ಟೆ ತೊಟ್ಟ ಐವತ್ತರ ಹೆಂಗಸೊಬ್ಬರು, ಪಕ್ಕದಲ್ಲಿ ಒಂದೇ ಸಮನೆ ಕಾಲು ಕುಣಿಸುತ್ತಿದ್ದ ಹುಡುಗಿ.

“ಮೇಡಂ, ಸಂಯುಕ್ತಾನ ಮನೀಗೇ ಹೋಗಬೇಕೇನ್ರಿ? ಫೋನಿನಾಗ ಸಾರಿ ಅಂದ್ರ ಸಾಲದೇನ್ರಿ?”

“ಫೋನಿನಾಗ ಒದ್ದಿಯೇನು, ಸಿಂಚನಾ?”

“ಪಂದ್ಯದಾಗ ಪೆಟ್ಟು ಬೀಳೋದು ಮಾಮೂಲಿ ಅಲ್ರಿ?”

“ನಾ ‘ನಿಲ್ಲು’ ಅಂದೆ. ಸಂಯುಕ್ತಾ ಕೈ ಇಳಿಸಿದ್ಲು. ಆಮ್ಯಾಲ ನೀ ಒದ್ದಿ.”

“ನನಗ ಕೇಳಸಲಿಲ್ರಿ.”

“ಖರೇ ಹೇಳು.”

ಹುಡುಗಿ ಚೀಲದ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು.

“ಕೇಳಸ್ತು. ಆಕಿ ನನ್ನ ನೋಡಿ ನಕ್ಕಿದ್ಲು, ಸಿಟ್ಟು ಬಂತು.”

“ಇಪ್ಪತ್ತೆಂಟು ವರ್ಷ ಕಲಿಸೇನಿ. ಒದೆಯೋದು ಆರು ತಿಂಗಳಿಗೆ ಬರ್ತೈತಿ. ಎತ್ತಿದ ಕಾಲು ಇಳಿಸೋದು ಭಾಳ ಮಂದಿಗೆ ಬರಂಗಿಲ್ಲ. ಪಂದ್ಯಕ್ಕ ಮೊದಲು ಬಾಗಿ ನಮಸ್ಕಾರ ಯಾಕ ಮಾಡ್ತೀವಿ? ಎದುರಿನಾಕಿ ನಮ್ಮನ್ನ ನಂಬಿ ನಿಂತಾಳ ಅಂತ.”

“ಆಕಿ ಎರಡು ಹಲ್ಲು ಮುರದಾವ್ರಿ. ಅವರವ್ವ ಬೈದ್ರ?”

“ಬೈಸಿಕೋ.”

“ಬಾಗಿಲಾ ತಗೀಲಿಲ್ಲಂದ್ರ?”

“ಹೊರಗ ನಿಂದ್ರೂಣು.”

“ನೀವ್ಯಾಕ್ರಿ ನಿಲ್ತೀರಿ? ತಪ್ಪು ನಂದು.”

“ಆಕಿ ನಕ್ಕಿದ್ದು, ನಿನ್ನ ಮಾರಿ ಕೆಂಪಾಗಿದ್ದು ಎರಡೂ ನೋಡಿದ್ದೆ. ಪಂದ್ಯ ಆಗ್ಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಮೊದಲು ನಾ ಕ್ಷಮಾ ಕೇಳ್ತೀನಿ.”

ಬಸ್ಸು ಹೊರಟು ಮುಂದಿನ ಸ್ಟಾಪಿನಲ್ಲಿ ನಿಂತಿತು. ಮೇಡಂ ಎದ್ದರು, ಹುಡುಗಿ ಏಳಲಿಲ್ಲ. “ದಿಗಂಡಿ, ದಿಗಂಡಿ” ಎಂದು ಕಂಡಕ್ಟರ್ ಇಳಿಯಲು ಅವಸರಪಡಿಸಿದರೂ ಮೇಡಂ ಕೈ ಹಿಡಿದೆಳೆಯದೆ ಕಾದರು. ಮಧುರಾ ಗಡಿಯಾರ ನೋಡುವುದನ್ನೇ ಮರೆತಿದ್ದಳು. ಕೊನೆಗೆ ಸಿಂಚನಾ ಎದ್ದು, ಅವರನ್ನು ದಾಟಿಕೊಂಡು, ಅವರಿಗಿಂತ ಮೊದಲು ಇಳಿದಳು.