ಗೊರಕೆ ಹೊಡೆಯುವ ಗ್ರಂಥಿ

ಔಷಧದಂಗಡಿಯಲ್ಲಿ ಸರದಿಗೆ ನಿಂತಿದ್ದ ದರ್ಜಿಗೆ ಬೆನ್ನ ಹಿಂದೆ ಅಕ್ಕ-ತಮ್ಮನ ಮಾತು ಕೇಳಿಸಿತು.

“ಉಬ್ಬಸ ಹೋಯ್ತಲ್ಲ ಅಂತ ಸ್ಟೀರಾಯ್ಡ್ ಮಾತ್ರೆ ಬಿಟ್ಟೆ ಕಣಕ್ಕ.”

“ಆರು ತಿಂಗಳು ನುಂಗಿದ್ದನ್ನ ಒಂದೇ ಏಟಿಗೆ ಬಿಡ್ತಾರೇನೋ?”

“ಅದಕ್ಕೇ ಮೆಟ್ಟಿಲು ಹತ್ತೋವಾಗ ಕಣ್ಣು ಕತ್ತಲೆ ಬಂತಾ?”

“ಮತ್ತಿನ್ನೇನು? ಮೂತ್ರಪಿಂಡದ ಮೇಲಿರೋ ಗ್ರಂಥಿ ಮಾಡೋ ಹಾರ್ಮೋನು ಮಾತ್ರೆಯಿಂದಲೇ ಸಿಗ್ತಿತ್ತಲ್ಲ, ಸಾಕಷ್ಟಿದೆ ಅಂದ್ಕೊಂಡು ಮೆದುಳು ಆ ಗ್ರಂಥಿಗೆ ‘ಮಾಡು’ ಅಂತ ಹೇಳೋದನ್ನೇ ಬಿಟ್ಟಿತ್ತಂತೆ. ಹೇಳೋರಿಲ್ಲದೆ ಗ್ರಂಥಿ ಗೊರಕೆ ಹೊಡೀತಿದೆ. ಈಗಲೇ ಮಾತ್ರೆ ಕೊಟ್ಟು ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂದ್ರು ಡಾಕ್ಟ್ರು ಫೋನಲ್ಲಿ.”

“ಹಾಗಾದ್ರೆ ಜೀವನಪೂರ್ತಿ ನುಂಗಬೇಕಾ?”

“ಇಲ್ವೋ. ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬಂದ್ರೆ ಅದು ತಾನಾಗೇ ಏಳುತ್ತಂತೆ. ನನಗ್ಯಾಕೆ ಮೊದಲೇ ಹೇಳಲಿಲ್ಲ?”

“ನೀನು ಬೈತೀಯ ಅಂತ.”

ದರ್ಜಿ ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟಳು. ತಮ್ಮ ಅಲ್ಲೇ ಮಾತ್ರೆ ನುಂಗಿದ. ಅಕ್ಕ ಅವನ ತೋಳು ಹಿಡಿದು, ಬೈಯುತ್ತಲೇ, ಆಸ್ಪತ್ರೆಯ ಕಡೆ ನಡೆಸಿಕೊಂಡು ಹೋದಳು.