ಭಾನುವಾರದ ಫೋನು

ಹಲ್ಲು ಕೀಳಿಸಿಕೊಂಡು ಹತ್ತಿ ಕಚ್ಚಿ ಕೂತಿದ್ದ ಮೇಷ್ಟ್ರು ಅರ್ಧ ಗಂಟೆ ಬಾಯಿ ತೆರೆಯುವಂತಿರಲಿಲ್ಲ. ಬಾಯಿ ಮುಚ್ಚಿದವರಿಗೆ ಕಿವಿ ಚುರುಕು. ಎದುರಿನ ಬೆಂಚಿನಲ್ಲಿ ಕನ್ನಡಕದ ಅಂಗಡಿಯವರು. ಅವರ ಪಕ್ಕದಲ್ಲೇ, ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದವನು ದವಡೆ ಹಿಡಿದು ಕೂತಿದ್ದ. ಅವನೇ ಮಾತು ತೆಗೆದ.

“ಈಗೀಗ ಫೋನೇ ಮಾಡಲ್ವಲ್ಲ ಸಾರ್ ನೀವು?”

“ನೀವೇ ಬೈದಿದ್ರಲ್ಲಪ್ಪ. ವೆಬ್‌ಸೈಟಲ್ಲಿ ಅಂಗಡಿ ಬಾಗಿಲು ತೆಗೆಯೋ ಹೊತ್ತು ಬದಲಾಯಿಸೋಕೂ ಭಾನುವಾರ ಫೋನ್ ಮಾಡಿ ಪ್ರಾಣ ತಿಂತೀರಿ ಅಂತ.”

“ಅದಕ್ಕೇ ತಾನೆ, ನೀವೇ ಬದಲಾಯಿಸ್ಕೊಳ್ಳಿ ಅಂತ ಆ ಸುಲಭದ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದು.”

“ಪುಣ್ಯ ಬರಲಿ ನಿಮಗೆ. ಫೋಟೋ ಎಳೆದು ಬಿಟ್ರೆ ತಾನಾಗೇ ಹೋಗಿ ಕೂತ್ಕೊಳುತ್ತೆ. ಹೊಸ ಪುಟಾನೂ ನಾನೇ ಮಾಡ್ತೀನಿ. ಬೇಕರಿಯವರಿಗೂ ಹೇಳಿಕೊಟ್ಟೆ.”

ಅವನು ಕೈಯಲ್ಲಿದ್ದ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದ.

“ಬೇಕರಿಯವರೂ ನನ್ನ ಗಿರಾಕಿನೇ ಸಾರ್.”

“ಗೊತ್ತಪ್ಪ. ಔಷಧಿ ಅಂಗಡಿಯವರು, ಟೈಲರಮ್ಮ, ಎಲ್ಲಾ ನಿಮ್ಮವರೇ. ನಾಳೆ ವರ್ತಕರ ಸಂಘದಲ್ಲಿ ಇನ್ನೂ ನಲವತ್ತು ಜನಕ್ಕೆ ಹೇಳಿಕೊಡ್ತಿದೀನಿ. ಇನ್ನು ಒಬ್ಬರೂ ನಿಮಗೆ ತೊಂದ್ರೆ ಕೊಡಬಾರದು ನೋಡಿ.”

“ನಾನೂ ಬರ್ಲಾ ಸಾರ್?”

“ನೀವ್ಯಾಕೆ? ನಾಳೆ ಭಾನುವಾರ. ಆರಾಮಾಗಿ ನಿದ್ದೆ ಮಾಡಿ.”

ಒಳಗಿನಿಂದ ನರ್ಸು ಕರೆದಳು. ಅಂಗಡಿಯವರು ಎದ್ದು, ಬಾಗಿಲು ತಳ್ಳುತ್ತಲೇ ಏನೋ ನೆನಪಾದವರಂತೆ ತಿರುಗಿದರು.

“ಅಂದ ಹಾಗೆ, ಪುಟದ ಕೆಳಗಡೆ ನಿಮ್ಮ ಹೆಸರು, ನಂಬರ್ ಇತ್ತಲ್ಲ, ಅದನ್ನ ತೆಗೆಯೋಕೆ ಬರುತ್ತಾ ಅಂತ ಮೊನ್ನೆ ನೋಡ್ದೆ. ಒಂದೇ ಸಲ ಒತ್ತಿದ್ದು, ಹೋಯ್ತು. ನಾಳೆ ಎಲ್ಲರಿಗೂ ಅದೇ ಮೊದಲನೇ ಪಾಠ.”